ವೃತ್ತಿ ತರಬೇತಿ ಸಂಸ್ಥೆಯಲ್ಲಿ ಬೋಧಕರ ನೇಮಕಾತಿ, ತರಬೇತಿ ಮತ್ತು ಆಡಳಿತ: ಗಡಿನಾಡ ಶಿಕ್ಷಕರು ತಿಳಿದಿರಬೇಕಾದ ಸಂಗತಿಗಳು

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರ ನಮ್ಮ ಶಾಲೆಗಳ ಜಗಲಿಯಲ್ಲಿ ಪಾಲಕರು ಕೇಳುವ ಪ್ರಶ್ನೆ ಒಂದೇ: ಮುಂದೇನು ಮಾಡಿಸುವುದು? ಹೆಚ್ಚು ಅಂಕ ಪಡೆದ ಮಕ್ಕಳ ವಿಷಯದಲ್ಲಿ ನಮ್ಮ ಉತ್ತರ ಸಿದ್ಧವಾಗಿರುತ್ತದೆ. ಸಾಧಾರಣ ಅಂಕ ಪಡೆದ, ಕೈಕೆಲಸದಲ್ಲಿ ಚುರುಕಾದ, ಬೇಗನೆ ದುಡಿಮೆಗೆ ನಿಲ್ಲಬೇಕಾದ ಮಕ್ಕಳ ವಿಷಯ ಬಂದಾಗ 'ಐಟಿಐಗೆ ಸೇರಿಸಿ' ಎಂದು ಹೇಳಿ ಮುಗಿಸುತ್ತೇವೆ. ಆ ಸಂಸ್ಥೆಯಲ್ಲಿ ಕಲಿಸುವವರು ಯಾರು, ಅವರನ್ನು ಆರಿಸುವವರು ಯಾರು, ಅವರಿಗೆ ಕಲಿಸುವ ವಿದ್ಯೆಯನ್ನು ಹೇಳಿಕೊಟ್ಟವರು ಯಾರು, ಸಂಸ್ಥೆಯ ಆಗುಹೋಗುಗಳಿಗೆ ಹೊಣೆ ಯಾರು ಎಂಬುದನ್ನು ನಾವು ವಿಚಾರಿಸುವುದಿಲ್ಲ. ನಾನೂ ಬಹುಕಾಲ ವಿಚಾರಿಸಿರಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಕಾಸರಗೋಡು ಸೀಮೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ, ಹುಡುಗನೊಬ್ಬನನ್ನು ಫಿಟ್ಟರ್ ವೃತ್ತಿಯ ತರಬೇತಿಗೆ ಸೇರಿಸಲು ನಾನೇ ಅವನ ತಂದೆಯನ್ನು ಒಪ್ಪಿಸಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುತ್ತಿದ್ದ ಹುಡುಗ. ಶಾಲೆಯ ಬಾವಿಯ ಪಂಪು ಕೆಟ್ಟಾಗ ಬಿಚ್ಚಿ ಸರಿಪಡಿಸಿದ್ದವನು. ಅದೇ ವರ್ಷ ದಸರೆಯ ಹೊತ್ತಿಗೆ ಅವನನ್ನು ಮಂಗಳೂರಿನ ಒಂದು ಗ್ಯಾರೇಜಿನಲ್ಲಿ ಕಂಡೆ. ತರಬೇತಿ ಬಿಟ್ಟು ಆಗಲೇ ತಿಂಗಳಾಗಿತ್ತು. ಕಾರಣ ಕೇಳಿದಾಗ ತುಸು ಹೊತ್ತು ಸುಮ್ಮನಿದ್ದು, "ಅಳತೆ ತಪ್ಪಿದ್ದು ನನಗೇ ಕಾಣ್ತಿತ್ತು ಸರ್. ಯಾಕೆ ತಪ್ಪಿದ್ದು ಅಂತ ಅವರು ಬೋರ್ಡಿನಲ್ಲಿ ಬರೀತಿದ್ರು. ಅದು ಓದ್ಲಿಕ್ಕೆ ಬರ್ತಿರಲಿಲ್ಲ. ಕೇಳ್ಲಿಕ್ಕೆ ನಾಚಿಕೆ ಆಯ್ತು" ಎಂದ. ಮೊದಲ ಎರಡು ತಿಂಗಳಲ್ಲಿ ಅವನ ತಂಡಕ್ಕೆ ಇಬ್ಬರು ಅತಿಥಿ ಬೋಧಕರು ಬಂದು ಹೋಗಿದ್ದರೆಂಬುದೂ ಆಮೇಲೆ ತಿಳಿಯಿತು.

ಅವನ ಕೈಯಲ್ಲಿ ದೋಷವಿರಲಿಲ್ಲ. ಬಂದ ಬೋಧಕರಲ್ಲಿ ಯಾರೂ ಕೆಟ್ಟವರಿರಲಿಲ್ಲ. ಆ ಹುಡುಗನನ್ನು ಕೈಬಿಟ್ಟದ್ದು ಬೋಧಕರನ್ನು ಆರಿಸುವ, ತಯಾರು ಮಾಡುವ, ಮೇಲ್ವಿಚಾರಣೆ ನಡೆಸುವ ವ್ಯವಸ್ಥೆ. ಅದು ಹೇಗೆ ನಡೆಯುತ್ತದೆಂದು ತಿಳಿದರೆ, ಯಾವ ಹಂತದಲ್ಲಿ ಯಾರಿಗೆ ಹೇಳಬೇಕು ಎಂಬುದು ನಮಗೆ ಗೊತ್ತಾಗುತ್ತದೆ. ಈ ಲೇಖನದ ಉದ್ದೇಶ ಅಷ್ಟೇ.

ವ್ಯವಸ್ಥೆಯ ಹಿನ್ನೆಲೆ

ಕೈಗಾರಿಕಾ ತರಬೇತಿ ಸಂಸ್ಥೆಗಳು ನಡೆಯುವುದು 1950ರಲ್ಲಿ ಭಾರತ ಸರ್ಕಾರ ಆರಂಭಿಸಿದ ಕುಶಲಕರ್ಮಿಗಳ ತರಬೇತಿ ಯೋಜನೆಯ ಅಡಿಯಲ್ಲಿ. ಮೊದಲಿಗೆ ಇವುಗಳ ಆಡಳಿತ ಕೇಂದ್ರದ ಕೈಯಲ್ಲಿತ್ತು. 1956ರಲ್ಲಿ ದೈನಂದಿನ ಆಡಳಿತವನ್ನೂ, 1969ರಲ್ಲಿ ಹಣಕಾಸಿನ ನಿರ್ವಹಣೆಯನ್ನೂ ರಾಜ್ಯಗಳಿಗೆ ವಹಿಸಲಾಯಿತು. 1956 ನಮಗೆ ಮರೆಯಲಾಗದ ವರ್ಷ. ಭಾಷಾವಾರು ಪ್ರಾಂತ್ಯಗಳ ರಚನೆಯಾಗಿ ಕನ್ನಡ ಮಾತಾಡುವ ಅನೇಕ ಊರುಗಳು ಗಡಿಯ ಆಚೆಗೆ ಉಳಿದದ್ದು ಅದೇ ವರ್ಷ. ಹೀಗೆ, ತರಬೇತಿ ಸಂಸ್ಥೆಗಳು ರಾಜ್ಯಗಳ ಕೈಗೆ ಬಂದದ್ದೂ, ನಮ್ಮ ಮಕ್ಕಳು ಆಯಾ ರಾಜ್ಯಗಳಲ್ಲಿ ಭಾಷಾ ಅಲ್ಪಸಂಖ್ಯಾತರಾದದ್ದೂ ಏಕಕಾಲದಲ್ಲಿ ನಡೆಯಿತು.

ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಕೊಡಲು ತಕ್ಕ ಸೌಕರ್ಯ ಒದಗಿಸಬೇಕೆಂದು ಅದು ಹೇಳುತ್ತದೆ. ಆ ವಿಧಿಯ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ಓದಿದ ಮಗು ತರಬೇತಿ ಸಂಸ್ಥೆಯ ಹೊಸ್ತಿಲು ದಾಟಿದ ಮೇಲೆ ಅದರ ಭಾಷೆಯ ಅಗತ್ಯವನ್ನು ಯಾರಾದರೂ ನೆನಪಿಸಿದರೆ ಉಂಟು, ಇಲ್ಲವಾದರೆ ಇಲ್ಲ.

ಇಂದು ಅಧಿಕಾರ ಎರಡು ಪಾಲಾಗಿದೆ. ಯಾವ ವೃತ್ತಿಗೆ ಯಾವ ಪಠ್ಯಕ್ರಮ, ಎಷ್ಟು ಗಂಟೆಯ ತರಬೇತಿ, ಬೋಧಕರಿಗೆ ಎಂತಹ ಅರ್ಹತೆ, ಅಂತಿಮ ಪರೀಕ್ಷೆ ಹೇಗೆ ಎಂಬುದನ್ನು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಗೊತ್ತುಮಾಡುತ್ತದೆ. ಇದು ಮೊದಲು ಕಾರ್ಮಿಕ ಸಚಿವಾಲಯದಲ್ಲಿತ್ತು. 2015ರಿಂದ ಕೌಶಲ್ಯಾಭಿವೃದ್ಧಿ ಸಚಿವಾಲಯದ ಅಧೀನದಲ್ಲಿದೆ. ವೃತ್ತಿಶಿಕ್ಷಣದ ಒಟ್ಟು ನಿಯಂತ್ರಣಕ್ಕೆಂದು 2018ರಲ್ಲಿ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತಿನ ಸ್ಥಾಪನೆಗೆ ಅಧಿಸೂಚನೆ ಹೊರಟು, 2020ರಲ್ಲಿ ಅದು ಕೆಲಸ ಆರಂಭಿಸಿತು. ಇನ್ನು ಸರ್ಕಾರಿ ಸಂಸ್ಥೆಗಳ ಕಟ್ಟಡ, ಹುದ್ದೆಗಳ ಮಂಜೂರಾತಿ, ನೇಮಕಾತಿ, ವರ್ಗಾವಣೆ, ಸಂಬಳ, ಪ್ರವೇಶ ಇವೆಲ್ಲ ರಾಜ್ಯದ ತರಬೇತಿ ಇಲಾಖೆಯ ಹೊಣೆ. ಪಠ್ಯಕ್ರಮದ ದೂರು ರಾಜ್ಯಕ್ಕೆ ಹೇಳಿ ಫಲವಿಲ್ಲ. ಬೋಧಕರಿಲ್ಲವೆಂಬ ದೂರನ್ನು ದೆಹಲಿಗೆ ಬರೆದು ಫಲವಿಲ್ಲ.

ಬೋಧಕರ ನೇಮಕಾತಿ

ಶಾಲೆಯಲ್ಲಿ ತರಗತಿ ಹೇಗೋ, ತರಬೇತಿ ಸಂಸ್ಥೆಯಲ್ಲಿ ಘಟಕ ಹಾಗೆ. ಒಂದು ವೃತ್ತಿಯ ಒಂದು ಘಟಕಕ್ಕೆ ಸಾಮಾನ್ಯವಾಗಿ 20 ಅಥವಾ 24 ಮಂದಿ ಅಭ್ಯರ್ಥಿಗಳು. ಫಿಟ್ಟರ್, ಎಲೆಕ್ಟ್ರೀಷಿಯನ್ ಮುಂತಾದ ವೃತ್ತಿಗಳಿಗೆ ಎರಡು ವರ್ಷದ ತರಬೇತಿ. ವೆಲ್ಡರ್, ಪ್ಲಂಬರ್, ಕಂಪ್ಯೂಟರ್ ಆಪರೇಟರ್ ಮುಂತಾದವಕ್ಕೆ ಒಂದು ವರ್ಷ. ಈಗಿನ ಪಠ್ಯಕ್ರಮದಂತೆ ವರ್ಷಕ್ಕೆ 1200 ಗಂಟೆಗಳ ತರಬೇತಿ ನಡೆಯಬೇಕು. ಅದರಲ್ಲಿ 840 ಗಂಟೆ ಕಾರ್ಯಾಗಾರದಲ್ಲಿ ಕೈಯಾರೆ ಮಾಡುವ ಕೆಲಸ, ಮೊದಲ ವರ್ಷದಲ್ಲಿ 240 ಗಂಟೆ ವೃತ್ತಿ ಸಿದ್ಧಾಂತ, 120 ಗಂಟೆ ಉದ್ಯೋಗ ಕೌಶಲ್ಯ. ಇದಲ್ಲದೆ ವರ್ಷಕ್ಕೆ 150 ಗಂಟೆ ಉದ್ಯಮದಲ್ಲಿ ತರಬೇತಿ ಅಥವಾ ಗುಂಪು ಯೋಜನೆ ಇರುತ್ತದೆ. ಹತ್ತರಲ್ಲಿ ಏಳು ಪಾಲು ಕಾರ್ಯಾಗಾರದಲ್ಲೇ ಕಳೆಯುವುದರಿಂದ, ಬೋಧಕರಿಲ್ಲದ ದಿನ ಮಕ್ಕಳು ಪುಸ್ತಕ ಓದಿಕೊಂಡು ಕುಳಿತರೆ ನಷ್ಟ ತುಂಬಿಬರುವುದಿಲ್ಲ. ಲೇತ್ ಯಂತ್ರದ ಮುಂದೆ ಬೋಧಕರಿಲ್ಲದೆ ನಿಲ್ಲುವುದು ಅಪಾಯವೂ ಹೌದು.

ಬೋಧಕರ ಅರ್ಹತೆಯ ನಿಯಮ ಕುತೂಹಲಕರವಾಗಿದೆ. ಫಿಟ್ಟರ್ ವೃತ್ತಿಯನ್ನೇ ತೆಗೆದುಕೊಂಡರೆ ಮೂರು ದಾರಿಗಳಿವೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯೊಂದಿಗೆ ಒಂದು ವರ್ಷದ ಅನುಭವ, ಮೂರು ವರ್ಷದ ಡಿಪ್ಲೊಮಾದೊಂದಿಗೆ ಎರಡು ವರ್ಷದ ಅನುಭವ, ಇಲ್ಲವೇ ಐಟಿಐಯ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಅಥವಾ ಅಪ್ರೆಂಟಿಸ್ ಪ್ರಮಾಣಪತ್ರದೊಂದಿಗೆ ಮೂರು ವರ್ಷದ ಅನುಭವ. ಒಂದನೆಯ ಮತ್ತು ಎರಡನೆಯ ವರ್ಷದ ಎರಡು ಘಟಕಗಳಿಗೆ ಬೇಕಾದ ಇಬ್ಬರಲ್ಲಿ ಒಬ್ಬರು ಪದವಿ ಅಥವಾ ಡಿಪ್ಲೊಮಾ ಪಡೆದವರೂ, ಇನ್ನೊಬ್ಬರು ಐಟಿಐ ಹಾದಿಯಲ್ಲೇ ಬಂದವರೂ ಆಗಿರಬೇಕು. ಇಬ್ಬರಿಗೂ ಬೋಧಕ ತರಬೇತಿಯ ಪ್ರಮಾಣಪತ್ರ ಇರಲೇಬೇಕು.

ಈ ನಿಯಮದ ಹಿಂದಿನ ವಿವೇಕವನ್ನು ನಾವು ಗುರುತಿಸಬೇಕು. ಕಾರಣ ಬಲ್ಲವನೊಬ್ಬ, ಕೈಬಲ್ಲವನೊಬ್ಬ. ಇಬ್ಬರೂ ಸೇರಿದರೆ ಮಗುವಿಗೆ ವೃತ್ತಿ ಪೂರ್ಣವಾಗಿ ಸಿಗುತ್ತದೆ. ಕೇವಲ ಪದವೀಧರರನ್ನು ತುಂಬಿದ ಸಂಸ್ಥೆಯಲ್ಲಿ ಬೋರ್ಡಿನ ಮೇಲೆ ಯಂತ್ರ ಚೆನ್ನಾಗಿ ಓಡುತ್ತದೆ, ಕಾರ್ಯಾಗಾರದಲ್ಲಿ ಓಡುವುದಿಲ್ಲ. ಕೇವಲ ಅನುಭವಸ್ಥರನ್ನು ತುಂಬಿದಲ್ಲಿ ಮಗು ಮಾಡುವುದನ್ನು ಕಲಿಯುತ್ತದೆ, ಹೊಸ ಯಂತ್ರ ಬಂದಾಗ ಕೈಚೆಲ್ಲುತ್ತದೆ.

ಹುದ್ದೆಯ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೇರಳದಲ್ಲಿ ಜೂನಿಯರ್ ಇನ್‌ಸ್ಟ್ರಕ್ಟರ್, ಮಹಾರಾಷ್ಟ್ರದಲ್ಲಿ ಶಿಲ್ಪ ನಿದೇಶಕ, ಆಂಧ್ರ ಮತ್ತು ತೆಲಂಗಾಣಗಳಲ್ಲಿ ಅಸಿಸ್ಟೆಂಟ್ ಟ್ರೈನಿಂಗ್ ಆಫೀಸರ್, ಕರ್ನಾಟಕದಲ್ಲಿ ಕಿರಿಯ ತರಬೇತಿ ಅಧಿಕಾರಿ. ನೇಮಕಾತಿ ಅಧಿಸೂಚನೆಯನ್ನು ಓದುವಾಗ ಈ ಹೆಸರುಗಳು ಗೊತ್ತಿದ್ದರೆ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಮಾಹಿತಿ ತಲುಪಿಸಲು ಅನುಕೂಲ.

ಕಾಯಂ ನೇಮಕಾತಿ ನಿಧಾನ. ಹುದ್ದೆ ಖಾಲಿಯಾಗಿ, ಇಲಾಖೆ ಪ್ರಸ್ತಾವ ಕಳುಹಿಸಿ, ಆಯ್ಕೆ ಪರೀಕ್ಷೆ ನಡೆದು, ಪಟ್ಟಿ ಹೊರಬರುವಷ್ಟರಲ್ಲಿ ಒಂದು ತಂಡದ ಎರಡು ವರ್ಷ ಮುಗಿದಿರುವುದುಂಟು. ಆ ನಡುವೆ ಸಂಸ್ಥೆಯ ಪ್ರಾಂಶುಪಾಲರು ಸಂದರ್ಶನ ನಡೆಸಿ ಅತಿಥಿ ಬೋಧಕರನ್ನು ತೆಗೆದುಕೊಳ್ಳುತ್ತಾರೆ. ಅತಿಥಿ ಬೋಧಕರಲ್ಲಿ ಬಹಳ ಒಳ್ಳೆಯವರಿರುತ್ತಾರೆ. ಆದರೆ ಗಂಟೆಯ ಲೆಕ್ಕದ ಸಂಭಾವನೆಯಲ್ಲಿ ದುಡಿಯುವವರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ದಿನ ಹೊರಟುಹೋಗುತ್ತಾರೆ, ಅದನ್ನು ತಪ್ಪೆನ್ನಲಾಗದು. ನಮ್ಮ ಶಾಲೆಗಳಲ್ಲಿ ದಿನಗೂಲಿ ಶಿಕ್ಷಕರ ಬದಲಾವಣೆಯಿಂದ ಮಕ್ಕಳಿಗೆ ಆಗುವ ತೊಡಕು ನಮಗೆ ಗೊತ್ತಿದೆ. ಕಾರ್ಯಾಗಾರದಲ್ಲಿ ಆ ತೊಡಕು ಇಮ್ಮಡಿ, ಏಕೆಂದರೆ ಕೈಯ ಅಭ್ಯಾಸವನ್ನು ತಿದ್ದಲು ಮಗುವಿನ ಕೈಯನ್ನು ತಿಂಗಳುಗಟ್ಟಲೆ ನೋಡಿದ ಕಣ್ಣು ಬೇಕು.

ಮೇಲಿನ ಅರ್ಹತೆಗಳಲ್ಲಿ ಒಂದು ಸಂಗತಿ ಎಲ್ಲಿಯೂ ಬಂದಿಲ್ಲ: ಬೋಧಕರಿಗೆ ಆ ಊರಿನ ಮಕ್ಕಳ ಭಾಷೆ ಬರಬೇಕೆ? ನಿಯಮ ಈ ಕುರಿತು ಏನನ್ನೂ ಹೇಳುವುದಿಲ್ಲ. ಕನ್ನಡ ಬಾರದ ಶಿಕ್ಷಕರು ಕನ್ನಡ ಮಾಧ್ಯಮದ ತರಗತಿಗೆ ಬಂದಾಗ ಏನಾಗುತ್ತದೆಂಬುದನ್ನು ಗಡಿನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆದರೂ ದಾರಿಯೇ ಇಲ್ಲವೆನ್ನುವಂತಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗಳಿಗೆ ಕೇರಳ ಲೋಕಸೇವಾ ಆಯೋಗ ಪ್ರತ್ಯೇಕ ಅಧಿಸೂಚನೆ ಹೊರಡಿಸುವ ಪದ್ಧತಿ ಇದೆ. ಕಚೇರಿಯ ಕಡತಕ್ಕೆ ಕನ್ನಡ ಬಲ್ಲವರು ಬೇಕೆಂದು ಒಪ್ಪಿದ ವ್ಯವಸ್ಥೆಯ ಮುಂದೆ, ತಿರುಗುವ ಯಂತ್ರದ ಪಕ್ಕದಲ್ಲಿ ನಿಂತ ಮಗುವಿಗೆ ಎಚ್ಚರಿಕೆ ಹೇಳಲು ಕನ್ನಡ ಬಲ್ಲವರು ಬೇಕೆಂಬ ಕೋರಿಕೆ ಅತಿಯಾದುದಲ್ಲ. ಅತಿಥಿ ಬೋಧಕರ ಸಂದರ್ಶನದಲ್ಲಂತೂ, ಅರ್ಹತೆ ಸಮಾನವಾಗಿದ್ದಾಗ ಕನ್ನಡ ಬಲ್ಲವರನ್ನು ಪರಿಗಣಿಸಿರೆಂದು ಪ್ರಾಂಶುಪಾಲರನ್ನು ವಿನಂತಿಸಿಕೊಳ್ಳಬಹುದು.

ಬೋಧಕರ ತರಬೇತಿ

ಕೆಲಸ ಬಲ್ಲವರೆಲ್ಲ ಕಲಿಸಬಲ್ಲವರಲ್ಲ. ಇದನ್ನು ಮನಗಂಡೇ ಶಿಲ್ಪ ಬೋಧಕರ ತರಬೇತಿ ಯೋಜನೆಯನ್ನು ರೂಪಿಸಲಾಗಿದೆ. ನಮಗೆ ಬಿ.ಎಡ್. ಹೇಗೋ ಅವರಿಗೆ ಇದು ಹಾಗೆ. ಒಂದು ವರ್ಷದ ಈ ತರಬೇತಿ ರಾಷ್ಟ್ರೀಯ ಕೌಶಲ್ಯ ತರಬೇತಿ ಸಂಸ್ಥೆಗಳಲ್ಲಿ ನಡೆಯುತ್ತದೆ. ನಮ್ಮ ಗಡಿಪ್ರದೇಶಗಳಿಗೆ ಹತ್ತಿರದ ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬಯಿ ಮತ್ತು ಕಲ್ಲಿಕೋಟೆಗಳಲ್ಲಿ ಇಂತಹ ಸಂಸ್ಥೆಗಳಿವೆ. ತನ್ನ ವೃತ್ತಿಯಲ್ಲಿ ಮೇಲ್ಮಟ್ಟದ ಪರಿಣತಿಯ ಜೊತೆಗೆ ಬೋಧನಾ ವಿಧಾನವನ್ನೂ ಅಭ್ಯರ್ಥಿ ಇಲ್ಲಿ ಕಲಿಯುತ್ತಾನೆ: ಪಾಠಯೋಜನೆ, ಪ್ರಾತ್ಯಕ್ಷಿಕೆಯ ಯೋಜನೆ, ಬೋಧನೋಪಕರಣ, ಮೌಲ್ಯಮಾಪನ.

ವೃತ್ತಿ ಬೋಧನೆಯ ಪಾಠಕ್ರಮಕ್ಕೆ ನಾಲ್ಕು ಹೆಜ್ಜೆಗಳೆಂದು ಹೇಳುವ ಸಂಪ್ರದಾಯವಿದೆ: ಸಿದ್ಧತೆ, ನಿರೂಪಣೆ, ಅನ್ವಯ, ಪರೀಕ್ಷೆ. ಅಮೆರಿಕದ ಚಾರ್ಲ್ಸ್ ಆಲನ್ 1919ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದರು. ಹರ್ಬಾರ್ಟನ ಪಂಚಸೋಪಾನಗಳನ್ನು ಓದಿದ ನಮಗೆ ಇದು ಪರಿಚಿತ ಹಾದಿಯೇ. ವ್ಯತ್ಯಾಸವಿರುವುದು ಕೊನೆಯ ಎರಡು ಹೆಜ್ಜೆಗಳಿಗೆ ಇಲ್ಲಿ ಸಿಗುವ ತೂಕದಲ್ಲಿ.

ಫಿಟ್ಟರ್ ವೃತ್ತಿಯ ಆರಂಭದ ಪಾಠಗಳಲ್ಲೊಂದಾದ ಅರ ಹಾಕುವುದನ್ನೇ ನೋಡೋಣ. ಸಿದ್ಧತೆಯ ಹೆಜ್ಜೆಯಲ್ಲಿ ಬೋಧಕರು ಮಕ್ಕಳ ಅನುಭವಕ್ಕೆ ಕೈಹಾಕುತ್ತಾರೆ: ಮನೆಯಲ್ಲಿ ಕತ್ತಿ ಮಸೆಯುವುದನ್ನು ನೋಡಿದವರು ಯಾರು, ಗರಗಸದ ಹಲ್ಲಿಗೆ ಅರ ಹಾಕಿದವರು ಯಾರು? ನಿರೂಪಣೆಯಲ್ಲಿ ತಾವೇ ಮಾಡಿ ತೋರಿಸುತ್ತಾರೆ. ಬೆಂಚ್ ವೈಸ್‌ನಲ್ಲಿ ಲೋಹದ ತುಂಡನ್ನು ಬಿಗಿಯುವುದು, ಕಾಲುಗಳನ್ನು ಅಂತರಕೊಟ್ಟು ಊರುವುದು, ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಡ ಕೊಟ್ಟು ಹಿಂದಕ್ಕೆ ಎಳೆಯುವಾಗ ಹಗುರ ಬಿಡುವುದು. ಅನ್ವಯದಲ್ಲಿ ಪ್ರತಿಯೊಬ್ಬ ಮಗುವೂ ಮಾಡುತ್ತದೆ. ಬೋಧಕರು ಹಿಂದೆ ನಿಂತು ಮೊಣಕೈ, ಭುಜ, ಕಾಲು ನೋಡುತ್ತಾರೆ. ಪರೀಕ್ಷೆಯಲ್ಲಿ ಮೂಲೆಮಟ್ಟವನ್ನು ತುಂಡಿನ ಮೇಲಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಸಂದಿಯಲ್ಲಿ ಬೆಳಕು ನುಸುಳಿದರೆ ಮೇಲ್ಮೈ ಸಮವಾಗಿಲ್ಲ.

ತಪ್ಪಿದೆಯೆಂಬುದನ್ನು ಬೆಳಕೇ ತೋರಿಸಿಕೊಡುತ್ತದೆ. ಅದಕ್ಕೆ ಭಾಷೆ ಬೇಕಿಲ್ಲ. ಏಕೆ ತಪ್ಪಿತು, ಮುಂದಿನ ಬಾರಿ ಕೈ ಹೇಗಿರಬೇಕು ಎಂಬುದನ್ನು ಹೇಳಲು ಮಾತು ಬೇಕು. ನನ್ನ ಹುಡುಗ ಸಿಕ್ಕಿಬಿದ್ದದ್ದು ಈ ಜಾಗದಲ್ಲೇ. ವೃತ್ತಿ ಶಿಕ್ಷಣಕ್ಕೆ ಭಾಷೆ ಮುಖ್ಯವಲ್ಲ, ಕೈ ಇದ್ದರೆ ಸಾಕು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದು ಅರ್ಧ ಮಾತ್ರ ಸತ್ಯ.

ಬೋಧಕ ತರಬೇತಿಯಲ್ಲಿ ಬಹುಭಾಷಾ ತರಗತಿಯ ನಿರ್ವಹಣೆಗೆ ಹೆಚ್ಚಿನ ಸ್ಥಾನ ಸಿಕ್ಕಬೇಕು. ಅದು ಆಗುವವರೆಗೆ ಸ್ಥಳೀಯವಾಗಿ ಮಾಡಬಹುದಾದದ್ದು ಸಾಕಷ್ಟಿದೆ. ಚೆನ್ನೈಯಲ್ಲಿ 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆಯು ಐಟಿಐ ವೃತ್ತಿಗಳಿಗೆ ಪಠ್ಯ ಮತ್ತು ಅಭ್ಯಾಸ ಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಕೆಲವು ವೃತ್ತಿಗಳ ಪುಸ್ತಕಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಬಂದಿವೆ. ಗಡಿಯಾಚೆಯ ಸಂಸ್ಥೆಯ ಗ್ರಂಥಾಲಯಕ್ಕೆ ಅವನ್ನು ತರಿಸಬೇಕೆಂದು ಕೇಳುವವರಿಲ್ಲದಿದ್ದರೆ ಅವು ತಾವಾಗಿ ಬರುವುದಿಲ್ಲ.

ಹಲವು ವರ್ಷಗಳ ಬಳಿಕ ತರಬೇತಿ ಕಾರ್ಯಕ್ರಮವೊಂದರ ನಿಮಿತ್ತ ಗಡಿಭಾಗದ ಇನ್ನೊಂದು ಸಂಸ್ಥೆಗೆ ಹೋಗಿದ್ದೆ. ಅಲ್ಲಿನ ಬೋಧಕರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಕಾರ್ಯಾಗಾರದ ಪ್ರತಿ ಯಂತ್ರದ ಮೇಲೂ ಅದರ ಹೆಸರನ್ನು, ಮೂರು ಮುಖ್ಯ ಎಚ್ಚರಿಕೆಗಳನ್ನು ರಾಜ್ಯಭಾಷೆ, ಕನ್ನಡ, ಇಂಗ್ಲಿಷ್ ಎಂದು ಮೂರು ಲಿಪಿಗಳಲ್ಲಿ ಅಂಟಿಸಿದ್ದರು. ಕನ್ನಡದ ಸಾಲುಗಳನ್ನು ಬರೆದುಕೊಟ್ಟವರು ಹತ್ತಿರದ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ವರ್ಷಾರಂಭದ ಒಂದು ಶನಿವಾರ ಇಬ್ಬರೂ ಕುಳಿತು ಸುಮಾರು ನೂರು ಪದಗಳ ಪಟ್ಟಿ ಮಾಡಿದ್ದರಂತೆ. ಅದಕ್ಕೆ ಆದೇಶ ಬೇಕಾಗಿರಲಿಲ್ಲ, ಅನುದಾನವೂ ಬೇಕಾಗಿರಲಿಲ್ಲ.

ಸಂಸ್ಥೆಯ ಆಡಳಿತ

ಸಂಸ್ಥೆಯ ಮುಖ್ಯಸ್ಥರು ಪ್ರಾಂಶುಪಾಲರು. ಪ್ರವೇಶ, ಹಾಜರಿ, ಕಚ್ಚಾ ಸಾಮಗ್ರಿಯ ಖರೀದಿ, ಪರೀಕ್ಷೆ, ಯಂತ್ರಗಳ ದುರಸ್ತಿ, ಅತಿಥಿ ಬೋಧಕರ ನೇಮಕ ಇವೆಲ್ಲ ಅವರ ಮೇಜಿನ ಮೇಲಿರುತ್ತವೆ. ಖಾಸಗಿ ಸಂಸ್ಥೆಗಳಲ್ಲಿ ಇವರ ಮೇಲೆ ಆಡಳಿತ ಮಂಡಳಿ ಇರುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ಇಲಾಖೆ ಇರುತ್ತದೆ.

ಇವರ ಜೊತೆಗೆ ಸಾಂಸ್ಥಿಕ ನಿರ್ವಹಣಾ ಸಮಿತಿ ಎಂಬುದೊಂದಿದೆ. ತರಬೇತಿಗೂ ಉದ್ಯಮಕ್ಕೂ ನಡುವಿನ ಅಂತರವನ್ನು ಕಡಿಮೆ ಮಾಡುವ ಉದ್ದೇಶದಿಂದ ಇದನ್ನು ರೂಪಿಸಲಾಯಿತು. 2007–08ರಲ್ಲಿ ಭಾರತ ಸರ್ಕಾರ ಸಾರ್ವಜನಿಕ ಮತ್ತು ಖಾಸಗಿ ಸಹಭಾಗಿತ್ವದಲ್ಲಿ 1396 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸುವ ಯೋಜನೆಯನ್ನು ಆರಂಭಿಸಿದಾಗ ಈ ಸಮಿತಿಗೆ ಹೆಚ್ಚಿನ ಮಹತ್ವ ಬಂತು. ಸಮಿತಿಯು ಸಂಘವಾಗಿ ನೋಂದಣಿಯಾಗಿ, ಸಂಸ್ಥೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿದರೆ, ಒಂದೊಂದು ಸಂಸ್ಥೆಗೆ 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಸಿಗುತ್ತಿತ್ತು. ಸಂಸ್ಥೆಯ ಒಡೆತನ ಮಾತ್ರ ರಾಜ್ಯ ಸರ್ಕಾರದ್ದೇ ಆಗಿ ಉಳಿಯುತ್ತದೆ. ಪ್ರವೇಶದಲ್ಲಿ 20 ಶೇಕಡಾವರೆಗಿನ ಸ್ಥಾನಗಳನ್ನು ನಿರ್ಧರಿಸುವ ಅವಕಾಶ ಸಮಿತಿಗಿದೆ. ಆ ಪ್ರದೇಶಕ್ಕೆ ಬೇಕಾದ ವೃತ್ತಿಗಳಾವುವೆಂದು ಗುರುತಿಸುವುದು, ಬೋಧಕರ ತರಬೇತಿಯ ಅಗತ್ಯವನ್ನು ಪರಿಶೀಲಿಸುವುದು, ಅಗತ್ಯವಿದ್ದಾಗ ಗುತ್ತಿಗೆ ಬೋಧಕರನ್ನು ನೇಮಿಸುವುದು, ತರಬೇತಿ ಮುಗಿಸಿದವರ ಉದ್ಯೋಗದ ಕಡೆ ಗಮನ ಕೊಡುವುದು ಅದರ ಕೆಲಸಗಳು.

ಸಮಿತಿಯ ರಚನೆಯನ್ನು ಶಿಕ್ಷಕರಾದ ನಾವು ಗಮನವಿಟ್ಟು ನೋಡಬೇಕು. ಪಾಲುದಾರ ಉದ್ಯಮದ ಪ್ರತಿನಿಧಿ ಅಧ್ಯಕ್ಷರು. ಸ್ಥಳೀಯ ಉದ್ಯಮಗಳಿಂದ ನಾಲ್ವರು ಸದಸ್ಯರು. ರಾಜ್ಯ ಸರ್ಕಾರ ನಾಮಕರಣ ಮಾಡುವವರಲ್ಲಿ ಜಿಲ್ಲಾ ಉದ್ಯೋಗಾಧಿಕಾರಿ, ಸಂಸ್ಥೆಯ ಒಬ್ಬ ಹಿರಿಯ ಬೋಧಕರು, ಒಬ್ಬ ವಿದ್ಯಾರ್ಥಿ ಪ್ರತಿನಿಧಿ, ಹಾಗೂ ಸ್ಥಳೀಯ ಶಿಕ್ಷಣ ವಲಯದ ಒಬ್ಬ ಪ್ರತಿನಿಧಿ ಸೇರಿರುತ್ತಾರೆ. ಪ್ರಾಂಶುಪಾಲರು ಸದಸ್ಯ ಕಾರ್ಯದರ್ಶಿ.

ಸ್ಥಳೀಯ ಶಿಕ್ಷಣ ವಲಯದ ಪ್ರತಿನಿಧಿ ಎಂಬ ಆ ಒಂದು ಸ್ಥಾನ ನಮ್ಮ ಮಟ್ಟಿಗೆ ಬಹಳ ಮುಖ್ಯ. ಕನ್ನಡ ಮಾಧ್ಯಮದಿಂದ ಎಷ್ಟು ಮಕ್ಕಳು ಪ್ರತಿವರ್ಷ ಬರುತ್ತಾರೆ, ಅವರಿಗೆ ಮೊದಲ ಮೂರು ತಿಂಗಳಲ್ಲಿ ಏನು ತೊಡಕಾಗುತ್ತದೆ ಎಂಬುದನ್ನು ಕಾರ್ಖಾನೆಯ ವ್ಯವಸ್ಥಾಪಕರು ಹೇಳಲಾರರು. ಮಕ್ಕಳನ್ನು ಹತ್ತು ವರ್ಷ ಕಂಡವರು ಹೇಳಬಲ್ಲರು. ಆ ಸ್ಥಾನ ಖಾಲಿ ಇದೆಯೇ, ಇದ್ದರೆ ಕನ್ನಡ ಮಾಧ್ಯಮದ ಅನುಭವವುಳ್ಳ ಮುಖ್ಯೋಪಾಧ್ಯಾಯರೊಬ್ಬರನ್ನು ಪರಿಗಣಿಸಬಹುದೇ ಎಂದು ಶಿಕ್ಷಕ ಸಂಘಗಳು ಇಲಾಖೆಗೆ ಬರೆಯಬಹುದು. ಕೇರಳದ ಅಧಿಕೃತ ಭಾಷಾ ಶಾಸನ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸುವ ಅವಕಾಶ ಕೊಟ್ಟಿರುವುದರಿಂದ ಅಲ್ಲಿಯ ಶಿಕ್ಷಕರು ಈ ಮನವಿಯನ್ನು ಕನ್ನಡದಲ್ಲೇ ಸಲ್ಲಿಸಬಹುದು.

ಸಮಿತಿಗಳೆಲ್ಲ ಚೆನ್ನಾಗಿ ನಡೆಯುತ್ತವೆ ಎಂದೇನೂ ಇಲ್ಲ. ಸಭೆ ಕಾಗದದ ಮೇಲೆ ನಡೆದು, ಸಹಿ ಮನೆಯಲ್ಲಿ ಬೀಳುವ ಅನುಭವ ನಮ್ಮ ಶಾಲಾಭಿವೃದ್ಧಿ ಸಮಿತಿಗಳಲ್ಲೂ ಇದೆ. ಸಮಿತಿಯ ಬೆಲೆ ತಿಳಿಯಬೇಕಾದರೆ ಮೂರು ಪ್ರಶ್ನೆ ಸಾಕು. ಕಳೆದ ವರ್ಷ ಎಷ್ಟು ಬಾರಿ ಸೇರಿತು? ಬೋಧಕರ ಖಾಲಿ ಹುದ್ದೆಗಳ ಬಗ್ಗೆ ನಡಾವಳಿಯಲ್ಲಿ ಏನು ದಾಖಲಾಗಿದೆ? ನಡುವೆ ತರಬೇತಿ ಬಿಟ್ಟ ಮಕ್ಕಳು ಎಷ್ಟು ಮಂದಿ, ಅವರ ಕಾರಣವನ್ನು ಯಾರಾದರೂ ಕೇಳಿದರೇ?

ಶಾಲೆಯೊಳಗಿನ ವೃತ್ತಿ ಶಿಕ್ಷಣ

ರಾಷ್ಟ್ರೀಯ ಶಿಕ್ಷಣ ನೀತಿ 2020 ವೃತ್ತಿ ಪರಿಚಯವನ್ನು ಆರನೆಯ ತರಗತಿಯಿಂದಲೇ ತರಬೇಕೆನ್ನುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಒಂಬತ್ತರಿಂದ ಹನ್ನೆರಡರವರೆಗೆ ವೃತ್ತಿ ವಿಷಯಗಳನ್ನು ಕಲಿಸುವ ಶಾಲೆಗಳೂ ಇವೆ. ಅಲ್ಲಿ ವೃತ್ತಿ ತರಬೇತುದಾರರನ್ನು ಅನೇಕ ಕಡೆ ಹೊರಗಿನ ಏಜೆನ್ಸಿಯ ಮೂಲಕ ತೆಗೆದುಕೊಳ್ಳಲಾಗುತ್ತದೆ. ಅವರು ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯರು ಮೂರು ಕೆಲಸ ಮಾಡಬೇಕು: ಪ್ರಮಾಣಪತ್ರಗಳನ್ನು ಪರಿಶೀಲಿಸುವುದು, ಮಕ್ಕಳ ಭಾಷೆಯ ಸ್ಥಿತಿಯನ್ನು ಅವರಿಗೆ ಮೊದಲ ದಿನವೇ ತಿಳಿಸುವುದು, ಅವರನ್ನು ಸಿಬ್ಬಂದಿ ಸಭೆಗೆ ಕರೆಯುವುದು. ಗುತ್ತಿಗೆಯವರೆಂದು ಹೊರಗಿಟ್ಟ ಬೋಧಕರಿಂದ ಶಾಲೆಯ ಮಕ್ಕಳ ಬಗ್ಗೆ ಆಸ್ಥೆಯನ್ನು ನಿರೀಕ್ಷಿಸುವುದು ಕಷ್ಟ.

ಶಿಕ್ಷಕರು ಮಾಡಬಹುದಾದ ಕೆಲಸಗಳು

1. ಪ್ರವೇಶಕ್ಕೆ ಮೊದಲು ಸಂಸ್ಥೆಗೆ ಒಮ್ಮೆ ಭೇಟಿ ಕೊಡಿ. ಯಾವ ವೃತ್ತಿಗೆ ಕಾಯಂ ಬೋಧಕರಿದ್ದಾರೆ, ಯಾವುದಕ್ಕೆ ಅತಿಥಿ ಬೋಧಕರು, ಅವರಲ್ಲಿ ಬೋಧಕ ತರಬೇತಿ ಪಡೆದವರೆಷ್ಟು ಎಂದು ವಿಚಾರಿಸಿ. ಖಾಸಗಿ ಸಂಸ್ಥೆಯಾದರೆ ಆ ವೃತ್ತಿಗೆ ಮಾನ್ಯತೆ ಇದೆಯೇ ಎಂಬುದನ್ನು ಪಾಲಕರು ಶುಲ್ಕ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಿ.

2. ಎಲ್ಲ ವೃತ್ತಿಗಳಿಗೂ ಒಂದೇ ಅರ್ಹತೆ ಇಲ್ಲ. ಫಿಟ್ಟರ್, ಎಲೆಕ್ಟ್ರೀಷಿಯನ್ ಮುಂತಾದವಕ್ಕೆ ಗಣಿತ, ವಿಜ್ಞಾನಗಳೊಂದಿಗೆ ಹತ್ತನೆಯ ತರಗತಿ ಪಾಸಾಗಿರಬೇಕು. ವೆಲ್ಡರ್, ಪ್ಲಂಬರ್, ವೈರ್‌ಮನ್ ಮುಂತಾದವಕ್ಕೆ ಎಂಟನೆಯ ತರಗತಿ ಸಾಕು. ಶಾಲೆ ಬಿಟ್ಟ ಮಕ್ಕಳ ಮನೆಗೂ ಈ ಮಾತು ತಲುಪಲಿ.

3. ಒಂಬತ್ತು ಮತ್ತು ಹತ್ತನೆಯ ತರಗತಿಯಲ್ಲಿ ರಾಜ್ಯಭಾಷೆಯ ಲಿಪಿಯನ್ನು ಓದುವ ಅಭ್ಯಾಸವನ್ನು ಅಸಡ್ಡೆ ಮಾಡಬೇಡಿ. ಕನ್ನಡದ ಮೇಲಿನ ಅಭಿಮಾನಕ್ಕೂ ಮಗು ಇನ್ನೊಂದು ಲಿಪಿ ಓದಬಲ್ಲದಾಗುವುದಕ್ಕೂ ವಿರೋಧವಿಲ್ಲ.

4. ವಿಜ್ಞಾನ ಮತ್ತು ಗಣಿತದ ಪಾಠಗಳಲ್ಲಿ ಬರುವ ಅಳತೆ, ಬಲ, ವಿದ್ಯುತ್, ಕೋನ, ಉಷ್ಣ ಮುಂತಾದ ಪದಗಳಿಗೆ ಕನ್ನಡ, ರಾಜ್ಯಭಾಷೆ, ಇಂಗ್ಲಿಷ್ ಮೂರರಲ್ಲೂ ಸಮಾನಪದಗಳ ಪಟ್ಟಿ ಮಾಡಿಸಿ. ನೂರು ಪದ ಸಾಕು. ಹತ್ತಿರದ ಐಟಿಐಯ ಬೋಧಕರೊಂದಿಗೆ ಕುಳಿತು ಮಾಡಿದರೆ ಇನ್ನೂ ಒಳ್ಳೆಯದು.

5. ಸೇರಿದ ಮಕ್ಕಳನ್ನು ಮೊದಲ ಮೂರು ತಿಂಗಳು ಮರೆಯಬೇಡಿ. ತಿಂಗಳಿಗೊಮ್ಮೆ ಫೋನು ಮಾಡಿ. ಪರೀಕ್ಷೆಗೆ ಕುಳಿತುಕೊಳ್ಳಲು 80 ಶೇಕಡಾ ಹಾಜರಿ ಬೇಕು. ಸಂಕೋಚದಿಂದ ಎರಡು ವಾರ ತಪ್ಪಿಸಿಕೊಂಡ ಮಗು ಆಮೇಲೆ ಹೆದರಿ ಪೂರ್ತಿ ಬಿಡುತ್ತದೆ.

6. ತರಬೇತಿ ಮುಗಿಸಿ ಕೆಲಸದ ಅನುಭವ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಬೋಧಕ ತರಬೇತಿಯ ದಾರಿಯನ್ನು ತಿಳಿಸಿ. ಕನ್ನಡ ಬಲ್ಲ ಬೋಧಕರು ಬೇಕೆಂದು ಕೇಳುವುದರ ಜೊತೆಗೆ, ಅರ್ಹತೆಯುಳ್ಳ ಕನ್ನಡದ ಬೋಧಕರನ್ನು ನಾವೇ ಬೆಳೆಸಬೇಕಾಗಿದೆ. ಅಧಿಸೂಚನೆ ಹೊರಟಾಗ ಅರ್ಜಿ ಹಾಕುವವರಿಲ್ಲದಿದ್ದರೆ ನಮ್ಮ ಬೇಡಿಕೆಗೆ ಬಲವಿರುವುದಿಲ್ಲ.

ಈ ಕೊನೆಯ ಮಾತಿಗೆ ವಿಶೇಷ ಒತ್ತು ಕೊಡಲು ಇಚ್ಛಿಸುತ್ತೇನೆ. ಹೊಸೂರಿನ ಕಾರ್ಖಾನೆಗಳಲ್ಲಿ, ಸೊಲ್ಲಾಪುರದ ಮಗ್ಗಗಳಲ್ಲಿ, ಮಂಗಳೂರಿನ ವರ್ಕ್‌ಶಾಪುಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಪ್ರಮಾಣಪತ್ರವಿದ್ದು, ಮೂರು ವರ್ಷದ ಅನುಭವವೂ ಇದ್ದು, ಬೋಧಕರಾಗಬಹುದೆಂಬ ಅರಿವು ಮಾತ್ರ ಇಲ್ಲದವರು ಖಂಡಿತ ಇದ್ದಾರೆ. ಆ ಅರಿವನ್ನು ಮುಟ್ಟಿಸುವುದು ಶಿಕ್ಷಕರಿಗೆ ಕಷ್ಟದ ಕೆಲಸವಲ್ಲ.

ನಾನು ಹೇಳಿದ ಹುಡುಗನಿಗೆ ಈಗ ಮೂವತ್ತೈದು ದಾಟಿದೆ. ಗ್ಯಾರೇಜಿನಲ್ಲಿ ಅವನ ಕೈಗೆ ಒಳ್ಳೆಯ ಹೆಸರಿದೆ. ಆದರೆ ಪ್ರಮಾಣಪತ್ರವಿಲ್ಲದ್ದರಿಂದ ದೊಡ್ಡ ಕಂಪನಿಯ ಕೆಲಸಕ್ಕೆ ಎರಡು ಬಾರಿ ಹೋಗಿ ಹಿಂದೆ ಬಂದಿದ್ದಾನೆ. ಕಳೆದ ವರ್ಷ ಅವನ ಅಕ್ಕನ ಮಗ ಹತ್ತನೆಯ ತರಗತಿ ಮುಗಿಸಿದಾಗ ಅವನೇ ನನಗೆ ಫೋನು ಮಾಡಿ, "ಅಲ್ಲಿ ಈಗ ಕಲಿಸುವವರು ಯಾರು ಅಂತ ಒಮ್ಮೆ ವಿಚಾರಿಸಿ ಹೇಳ್ತೀರಾ ಸರ್?" ಎಂದು ಕೇಳಿದ. ಇಪ್ಪತ್ತು ವರ್ಷಗಳ ಹಿಂದೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಮರುದಿನವೇ ಹೋಗಿ ವಿಚಾರಿಸಿದೆ.

ಚರ್ಚೆಗೆ

ಅ. ನಿಮ್ಮ ಶಾಲೆಯಿಂದ ಕಳೆದ ಮೂರು ವರ್ಷಗಳಲ್ಲಿ ವೃತ್ತಿ ತರಬೇತಿಗೆ ಸೇರಿದವರೆಷ್ಟು, ಮುಗಿಸಿದವರೆಷ್ಟು? ಈ ಮಾಹಿತಿ ಶಾಲೆಯಲ್ಲಿ ಇಲ್ಲದಿದ್ದರೆ ಸಂಗ್ರಹಿಸುವ ಬಗೆ ಹೇಗೆ?

ಆ. ಹತ್ತಿರದ ಐಟಿಐಯ ನಿರ್ವಹಣಾ ಸಮಿತಿಯಲ್ಲಿ ಶಿಕ್ಷಣ ವಲಯದ ಪ್ರತಿನಿಧಿ ಯಾರು?

ಇ. ಬೋಧಕರು ಕಾರ್ಯಾಗಾರದಲ್ಲಿ ಮೊದಲ ವಾರ ಬಳಸುವ ಇಪ್ಪತ್ತು ಪದಗಳನ್ನು ಪಟ್ಟಿಮಾಡಿ. ಅವುಗಳಲ್ಲಿ ಎಷ್ಟನ್ನು ನಿಮ್ಮ ಹತ್ತನೆಯ ತರಗತಿಯ ಮಕ್ಕಳು ಮೂರು ಭಾಷೆಗಳಲ್ಲಿಯೂ ಗುರುತಿಸಬಲ್ಲರು?